ಹೆಸರು ಬರೆಸಿದ ಮಾನಿಟರುಗಳು

ನಮ್ಮ ಕಡೆ ಶಾಲೆಗೆ ಏನು ಕೊಟ್ಟರೂ ಅದರ ಮೇಲೆ ಹೆಸರು ಬರೆಸುತ್ತಾರೆ. ಫ್ಯಾನಿನ ರೆಕ್ಕೆಗೆ ಒಬ್ಬರ ಅಜ್ಜನ ಹೆಸರು, ಬೀರುವಿನ ಬಾಗಿಲಿಗೆ ಇನ್ನೊಬ್ಬರ ಅತ್ತೆಯ ಹೆಸರು. ಫ್ಯಾನು ತಿರುಗುವಾಗ ಅಜ್ಜ ಕಾಣುವುದಿಲ್ಲ, ಕರೆಂಟು ಹೋದರೆ ಕಾಣುತ್ತಾನೆ. ಅರಕೆರೆ ಪಕ್ಕದ ಈ ಪ್ರೌಢಶಾಲೆಗೆ ನಾನು ಗಣಿತದ ಮೇಡಂ ಆಗಿ ಬಂದೆ, ಈಗ ಮುಖ್ಯೋಪಾಧ್ಯಾಯಿನಿ. ಹೆಸರುಗಳ ಜೊತೆ ಏಗುವುದೂ ನನ್ನ ಕೆಲಸದಲ್ಲೇ ಸೇರಿದೆ.

ಕಂಪ್ಯೂಟರ್ ಕೋಣೆಯ ಮಾನಿಟರುಗಳ ಮೇಲೆ ಇದ್ದದ್ದು ಒಂದು ಹುಡುಗಿಯ ಹೆಸರು. ನನ್ನ ಕ್ಲಾಸಿನಲ್ಲೇ ಕೂರುತ್ತಿದ್ದವಳು. ಲೆಕ್ಕದಲ್ಲಿ ಅಷ್ಟಕ್ಕಷ್ಟೆ, ಬಾಯಿ ಮಾತ್ರ ಜೋರು. ಒಂಬತ್ತನೇ ತರಗತಿಯಲ್ಲಿ ಜ್ವರ ಬಂದು ತೀರಿಕೊಂಡಳು. ಗದ್ದೆ, ಹಾಲು, ಎಲ್ಲದರಲ್ಲೂ ಸ್ಥಿತಿವಂತರಾದ ಮನೆ ಅವಳದು. ಅವಳ ಅಪ್ಪ ಅಮ್ಮ ಶಾಲೆಗೆ ಕಂಪ್ಯೂಟರುಗಳನ್ನು ಕೊಡಿಸಿ, ಪೇಂಟರನ್ನು ಕರೆಸಿ, ಪ್ರತಿ ಮಾನಿಟರಿನ ಬೆನ್ನ ಮೇಲೂ ಎರಡು ಸಾಲು ಬರೆಸಿದರು. ಮೇಲಿನ ಸಾಲು 'ಜ್ಞಾಪಕಾರ್ಥ', ಕೆಳಗಿನದು ಅವಳ ಹೆಸರು.

ಹಿಂದೆ ಡುಬ್ಬವಿದ್ದ ಆ ಹಳೇ ಕಾಲದ ಮಾನಿಟರುಗಳು ಒಂದೊಂದಾಗಿ ಕೆಟ್ಟವು. ಕೆಟ್ಟರೂ ಎತ್ತಿಡಲು ಯಾರಿಗೂ ಧೈರ್ಯ ಬರಲಿಲ್ಲ. ಅವಳ ತಾಯಿ ಪ್ರತಿವರ್ಷ ಆಯುಧಪೂಜೆಗೆ ಬಂದು, ನಡೆಯುವುದು ನಡೆಯದ್ದು ಎನ್ನದೆ ಎಲ್ಲದಕ್ಕೂ ಕುಂಕುಮವಿಟ್ಟು ಹೂ ಮುಡಿಸಿ ಹೋಗುತ್ತಿದ್ದರು. ಮಿಕ್ಕ ದಿನ ಅವು ಇಲಿಗಳ ಪಾಲು.

ಹೊಸ ಕಂಪ್ಯೂಟರು ಮಂಜೂರಾದಾಗ ಕೋಣೆ ಖಾಲಿ ಮಾಡಲೇಬೇಕಾಯಿತು. ಗುಜರಿಯವನಿಗೆ ಕೊಟ್ಟರೆ ನಾಲೆ ಏರಿಯ ಮೇಲೆ ವೈರು ಸುಟ್ಟು ತಾಮ್ರ ತೆಗೆದು, ಉಳಿದದ್ದನ್ನು ಅಲ್ಲೇ ಒಡೆದು ಬಿಸಾಡುತ್ತಾನೆ. ಅದಕ್ಕೇ ಇಂಥ ಕಸದ ವಿಲೇವಾರಿಗೆ ಪರವಾನಗಿ ಇರುವವರನ್ನು ಹುಡುಕಿ ಗಾಡಿಗೆ ಹೇಳಿದೆ. ಅದಕ್ಕೂ ಮೊದಲು ಆ ತಾಯಿಗೆ ತಿಳಿಸಿದ್ದೆ. "ಊಂ" ಅಂದರು, ಅಷ್ಟೆ. ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದುಕೊಂಡೆ.

ಗಾಡಿ ಬರುವ ದಿನ ಬೆಳಿಗ್ಗೆ ಗಂಡ ಹೆಂಡತಿ ಟ್ರಾಕ್ಟರು ತಂದು ಗೇಟಿನ ಮುಂದೆ ನಿಲ್ಲಿಸಿದರು.

"ಯಾರ್ಗೂ ಕೊಡಾದು ಬ್ಯಾಡ ಮೇಡಂ," ಅಂದರು ಗಂಡ. "ಗದ್ದೆತಾವ ಗುಂಡಿ ತೆಗ್ಸಿವ್ನಿ. ಅವ್ಳ ಪಕ್ಕದಲ್ಲೇ ಮಣ್ಣು ಮಾಡ್ಬುಡ್ತೀವಿ."

ಇಲ್ಲಿ ಸತ್ತವರನ್ನು ಸ್ವಂತ ಜಮೀನಿನಲ್ಲೇ ಹೂಳುತ್ತಾರೆ. ಮಗಳ ಹೆಸರು ಹೊತ್ತದ್ದನ್ನೂ ಅಲ್ಲಿಗೇ ಸೇರಿಸುವುದು ಅವರಿಗೆ ನ್ಯಾಯವಾಗಿ ಕಂಡಿತ್ತು. ನಾನು ಪಾಠ ಮಾಡುವವಳಂತೆ ಶುರು ಮಾಡಿದೆ: ಇದರ ಗಾಜಿನಲ್ಲಿ ಸೀಸ ಇದೆ, ಮಣ್ಣಲ್ಲಿ ಒಡೆದರೆ ಮೆಲ್ಲಗೆ ನೀರಿಗೆ ಇಳಿಯುತ್ತದೆ, ಅದು ವಿಷ, ನಿಮ್ಮದು ನೀರು ನಿಲ್ಲುವ ಗದ್ದೆ.

"ನಮ್ ಗದ್ದೆ, ನಮ್ ಮಗ್ಳು. ಬೆಳೆಗೆ ವರ್ಸ ವರ್ಸ ಔಸ್ದಿ ಒಡೆಯಾಕಿಲ್ವಾ? ಇದೊಂದ್ರಿಂದ ಏನಾಗೋಯ್ತದೆ?"

ಉತ್ತರವಿಲ್ಲದಾಗ ನನಗೆ ಸಿಟ್ಟು ಬರುತ್ತದೆ. "ಕೊಡಲ್ಲ ಅಂದರೆ ಕೊಡಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟೆ.

ಅಲ್ಲಿಯವರೆಗೆ ತಾಯಿ ಟ್ರೈಲರಿನಲ್ಲೇ ಕೂತಿದ್ದರು. ಈಗ ಇಳಿದು ಹತ್ತಿರ ಬಂದರು.

"ಆ ಇಸ ಅವ್ಳ್ ತಾವಕ್ಕೂ ಓಯ್ತದಾ ಮೇಡಂ?"

ಸಮಾಧಾನಕ್ಕೆ ಇಲ್ಲ ಅನ್ನಬಹುದಿತ್ತು. ಅಂದಿದ್ದರೆ ಟ್ರಾಕ್ಟರು ತುಂಬುತ್ತಿತ್ತು. "ಹೋಗುತ್ತಮ್ಮ. ನೀರು ಹೋದ ಕಡೆಗೆಲ್ಲ ಹೋಗುತ್ತೆ," ಅಂದೆ.

ಅವರು ಗಂಡನ ಕಡೆ ತಿರುಗಿ, "ಗುಂಡಿ ಮುಚ್ಸ್ಬುಡಿ," ಅಂದರು. ಆಮೇಲೆ ನನಗೆ, "ಅವ್ಳ ಎಸ್ರು ಒತ್ಕಂಡು ಎಲ್ಲೆಲ್ಗೋ ಓಗಾದು ಬ್ಯಾಡ. ನಾನೇ ಒರುಸ್ತೀನಿ."

ಹಿಂದಿನ ವರ್ಷ ಗೋಡೆಗೆ ಬಣ್ಣ ಹೊಡೆಸಿದಾಗ ಮಿಕ್ಕಿದ್ದ ಥಿನ್ನರ್ ಮತ್ತು ಬಟ್ಟೆ ಕೊಟ್ಟೆ. ಅವರು ನೆಲದ ಮೇಲೆ ಕೂತು ಒಂದೊಂದೇ ಮಾನಿಟರನ್ನು ಎದುರಿಗೆಳೆದುಕೊಂಡು ಒರೆಸಿದರು. ಗಂಡನಿಗೆ ಕೈ ಹಾಕಲು ಬಿಡಲಿಲ್ಲ. ಗಂಡ ಜಗಲಿಗೆ ಹೋಗಿ ಬೀಡಿ ಹಚ್ಚಿದರು. ಶಾಲೆಯಲ್ಲಿ ಬೀಡಿ ಸೇದಬಾರದೆಂದು ನಾನು ಹೇಳಲಿಲ್ಲ.

ಕೊನೆಯ ಮಾನಿಟರಿಗೆ ಬಂದಾಗ ತಾಯಿ ಒರೆಸುವುದನ್ನು ನಿಲ್ಲಿಸಿದರು. ಬಟ್ಟೆಯನ್ನು ನನ್ನ ಕಡೆ ಚಾಚಿ, "ನೀವು ಅವ್ಳ ಮೇಡಂ ಅಲ್ವಾ. ಇದೊಂದ ನೀವ್ ಒರ್ಸಿ," ಅಂದರು.

ಒರೆಸತೊಡಗಿದೆ. ಮೇಲಿನ ಸಾಲು ಬೇಗ ಹೋಯಿತು. ಬಟ್ಟೆಯನ್ನು ಮತ್ತೆ ಅದ್ದಿಕೊಳ್ಳಲು ಕೈ ತೆಗೆದೆ. ಕೆಳಗೆ ಅವಳ ಹೆಸರೊಂದೇ ಉಳಿದಿತ್ತು, ನೋಟ್ಬುಕ್ಕಿನ ರಟ್ಟಿನ ಮೇಲೆ ಮಕ್ಕಳು ಬರೆದುಕೊಳ್ಳುತ್ತಾರಲ್ಲ, ಹಾಗೆ.

ತಾಯಿ ನನ್ನ ಮಣಿಕಟ್ಟು ಹಿಡಿದರು.

"ಒಸಿ ಒತ್ತು ಇಂಗೇ ಇರ್ಲಿ ಬುಡಿ ಮೇಡಂ."

ಹೊರಗೆ ಗಾಡಿ ಬಂದು ನಿಂತು ಹಾರ್ನ್ ಹೊಡೆಯಿತು. ಕಾಯಲಿ ಎಂದು ನಾನೂ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.