ಜಮಖಾನ ಒಗೆದವಳು ನಾನಲ್ಲ

ಮಸ್ಕಿಯ ನಮ್ಮ ಚರ್ಚಿನ ಸಭೆಯ ಜಮಖಾನಗಳನ್ನು ಮೊದಲು ಶನಿವಾರ ಶನಿವಾರ ಒಗೆದವಳು ನಾನಲ್ಲ, ಸುನಂದಾ — ನೀನು. ಏಳು ವರ್ಷ ಆ ಹೆಸರನ್ನು ನಾನು ಹೊತ್ತುಕೊಂಡು ಕೂತೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಸುತ್ತಿ ಬಳಸಿ ಹೇಳಿಯೇನು.

ಆಗ ನೀನು ಗುರುಗುಂಟಾದಿಂದ ಹೊಸದಾಗಿ ಬಂದಿದ್ದೆ. ಸಭೆಯ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಪಕ್ಕದ ನಮ್ಮ ಹಿತ್ತಲಲ್ಲಿ ಬೋರು ಇತ್ತು. "ಯಕ್ಕಾ, ನಿಮ್ಮ ಹಿತ್ತಲದಾಗ ಒಗ್ಯಾಕ ಬಿಡ್ರಿ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ, ದೇವರಿಗೆ ಗೊತ್ತಿದ್ರ ಸಾಕು," ಅಂದಿದ್ದೆ ನೀನು. ನಾನು ಹೂಂ ಅಂದೆ. ಸೋಪಿನ ಪುಡಿ ನಿನ್ನದು, ಬಗ್ಗಿದ ಬೆನ್ನು ನಿನ್ನದು. ನನ್ನದು ಒಣಹಾಕಿದ ಕಾಂಪೌಂಡು ಗೋಡೆ, ಅಷ್ಟೇ.

ಒಂದು ಭಾನುವಾರ ಪಾಸ್ಟರು ದೀನತೆಯ ಬಗ್ಗೆ ಪ್ರಸಂಗ ಮಾಡುತ್ತಾ ಕೇಳಿದರು: "ನೀವು ಕುಂತಿರೋ ಜಮಖಾನ ಯಾರು ಒಗದಾರ? ಯಾರಿಗೂ ಹೇಳದಂಗ ಮಾಡ್ಯಾರ ನೋಡ್ರಿ, ಅದು ದೀನತೆ!" ಎಲ್ಲರ ಕಣ್ಣು ನನ್ನ ಕಡೆ ತಿರುಗಿತು — ನಮ್ಮ ಗೋಡೆಯ ಮೇಲೆ ಒಣಗುತ್ತಿದ್ದುದನ್ನು ಎಲ್ಲರೂ ನೋಡಿದ್ದರಲ್ಲ. ನಾನು ತಲೆ ತಗ್ಗಿಸಿದೆ. ನಾಚಿಕೆಗೋ, ನಿನಗೆ ಕೊಟ್ಟ ಮಾತಿಗೋ — ಇವತ್ತಿಗೂ ತಿಳಿಯದು. ಅಷ್ಟಕ್ಕೇ ನಿಂತಿದ್ದರೆ... ಆದರೆ ಬಾಯಿ ಬಿಟ್ಟೆ: "ದೇವರ ಕೆಲಸಕ್ಕ ಹೆಸರ್ಯಾಕ್ರಿ, ಬಿಡ್ರಿ."

ಚಪ್ಪಾಳೆ ಬಿತ್ತು. ಬಾಗಿಲ ಬಳಿ ಕೂತಿದ್ದ ನೀನು ನನ್ನನ್ನು ಒಮ್ಮೆ ನೋಡಿದೆ, ಸೆರಗು ಸರಿಮಾಡಿಕೊಂಡೆ.

ಆ ತಿಂಗಳೇ ನನ್ನನ್ನು ಹೆಣ್ಣುಮಕ್ಕಳ ಕೂಟಕ್ಕೆ ಮುಂದಾಳು ಮಾಡಿದರು. ನಿನ್ನ ಬಗ್ಗೆ ಕೂಟದ ರತ್ನಮ್ಮ ನನ್ನೆದುರೇ ಆಡಿಕೊಂಡಳು: "ಬರತಾಳ, ಕುಂದರತಾಳ, ಹೋಗತಾಳ. ಒಂದಿನಾರ ಕಸಬರಗಿ ಹಿಡದಾಳೇನು ಮಹಾರಾಣಿ?" ನಾನು ಚಹಾ ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ. ಆ ಮಾತು ನಿನ್ನ ಕಿವಿಗೂ ಬಿದ್ದಿತ್ತು. ಆದರೂ ಶನಿವಾರ ಬಂದೆ, ಒಗೆದು ಹೋದೆ. ವರ್ಷದೊಳಗೆ ಲಿಂಗಸುಗೂರಿಗೆ ಮನೆ ಬದಲಿಸಿದೆ.

ನೀನು ಹೋದ ಮೇಲೆ ನಾನೇ ಒಗೆಯಬೇಕಾಯಿತು — ಸುಳ್ಳು ಹೊರಬೀಳಬಾರದಲ್ಲ. ನೆನೆದ ಜಮಖಾನ ಎಷ್ಟು ಭಾರ ಅಂತ ಆಗ ತಿಳಿಯಿತು. ಆರು ವರ್ಷ ಒಗೆದೆ. ಇದು ದೇವರ ಸೇವೆಯೋ, ಸುಳ್ಳಿನ ಚಾಕರಿಯೋ?

ಹೋದ ತಿಂಗಳು ಸಭೆಯಲ್ಲಿ, ತಂತಮ್ಮ ಅನುಭವ ಎಲ್ಲರೆದುರು ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತೆ. "ಪಾಸ್ಟರು ಹೊಗಳಿದಾಗ ಜಮಖಾನ ಒಗದಾಕಿ ನಾ ಅಲ್ರೀ," ಅಂದೆ. ರತ್ನಮ್ಮ ಕಣ್ಣೊರೆಸಿಕೊಂಡಳು: "ನೋಡ್ರವಾ, ಮಾಡಿದ್ದೂ ತನ್ನದಲ್ಲ ಅಂತಾಳ. ಎಂಥಾ ತಗ್ಗಿದ ಜೀವ!" ನಾನು ಕೂತುಬಿಟ್ಟೆ. ಒಳಗೆ — ಹೇಳಲೇಬೇಕು — ಒಂದು ಕ್ಷಣ ಹಿತವಾಯಿತು.

ನಿನ್ನ ಹೆಸರು ಹೇಳಿದರೆ, ನೀನು ದೇವರಿಗಷ್ಟೇ ಇಟ್ಟದ್ದನ್ನು ಬೀದಿಗೆ ತಂದಂತೆ. ಹೇಳದಿದ್ದರೆ ರತ್ನಮ್ಮನ ಮಾತು ನಿನ್ನ ಮೇಲೇ ಉಳಿಯುತ್ತದೆ. ಮೊಣಕಾಲೂರಿ ದೇವರನ್ನೇ ಕೇಳೋಣವೆಂದರೆ, ಪ್ರಾರ್ಥನೆಯ ನಡುವೆಯೇ ಯಾರಾದರೂ ನೋಡುತ್ತಿದ್ದಾರೋ ಎಂದು ಮನಸ್ಸು ಇಣುಕುತ್ತದೆ. ಇಂಥ ಮನಸ್ಸನ್ನು ಆತನ ಮುಂದೆ ಹೇಗೆ ತಗ್ಗಿಸಲಿ...

ನಾಳೆ ಈ ಕಾಗದವನ್ನು ನಾನೇ ನಿನ್ನ ಮನೆಗೆ ತರುತ್ತೇನೆ. ಹೆಸರು ಹೇಳಬೇಕೋ ಬೇಡವೋ, ನೀನೇ ಹೇಳು. ಭಾನುವಾರ "ನಾನಲ್ಲ" ಎನ್ನುವುದಿಲ್ಲ. ಸುಳ್ಳು ಹೇಳಿದೆ, ಒಬ್ಬಳ ಮೇಲೆ ಅಪವಾದ ಬರಲು ಬಿಟ್ಟೆ, ಎನ್ನುತ್ತೇನೆ. ಅದಕ್ಕೆ ಯಾರೂ ಹೊಗಳಲಾರರು. ಯಾರೂ ಹೊಗಳದೆ ಸುಮ್ಮನಾದಾಗ ನನಗೆ ಹೇಗಾಗುತ್ತದೆ — ಅದು ಮಾತ್ರ ಇನ್ನೂ ಗೊತ್ತಿಲ್ಲ.