ತುಟಿಗೂ ಮಾತಿಗೂ ಮೂರು ಸೆಕೆಂಡು

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಅಂಗಡಿಯವನು ಕಾಫಿಪುಡಿಗೆ ಚಿಕೋರಿ ಹಾಕಿಲ್ಲ ಎಂದರೆ ಪೊಟ್ಟಣ ಬಿಚ್ಚಿ ಮೂಸಿ ನೋಡುತ್ತೇನೆ. ಆಲ್ದೂರಿನ ಬಸ್ಸು ಈಗ ಬರುತ್ತದೆ ಎಂದು ಒಬ್ಬರು ಹೇಳಿದರೆ ಇನ್ನಿಬ್ಬರನ್ನು ಕೇಳುತ್ತೇನೆ. ಮೂಡಿಗೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶದ ವಿಡಿಯೋ ಮಾಡಿ ಕೊಡುವುದು ಕೆಲಸ. ಈಗ ಎಲ್ಲರಿಗೂ ಪೆನ್‌ಡ್ರೈವ್ ಸಾಕು. ಆದರೆ ಗೋಡೆಯಗಲದ ಟಿವಿ ಇಟ್ಟುಕೊಂಡ ಕೆಲವು ಕಾಫಿ ಪ್ಲಾಂಟರುಗಳು ಇನ್ನೂ ಬ್ಲೂ-ರೇ ಡಿಸ್ಕೇ ಬೇಕೆಂದು ಹಟ ಹಿಡಿಯುತ್ತಾರೆ. ಅಂಥವರಿಗೆ ಈ ಸುತ್ತಮುತ್ತ ಉಳಿದಿರುವವನು ನಾನೊಬ್ಬನೇ.

ಡಿಸ್ಕು ಸಿದ್ಧಮಾಡುವ ಸಾಫ್ಟ್‌ವೇರು ನನಗಿಂತ ದೊಡ್ಡ ಅನುಮಾನದ ಪ್ರಾಣಿ. ಚಿತ್ರವನ್ನು ಒಂದು ಫೈಲು, ಧ್ವನಿಯನ್ನು ಇನ್ನೊಂದು ಫೈಲು ಮಾಡಿ ಕೊಡಬೇಕು. ಸೆಕೆಂಡಿಗೆ ಎಷ್ಟು ಫ್ರೇಮು, ಎಂದರೆ ಬಿಡಿಚಿತ್ರ, ಓಡಬೇಕು ಎಂಬುದು ಅದರ ಪಟ್ಟಿಯಲ್ಲಿರುವ ಅಂಕಿಗೇ ಸರಿಯಾಗಿ ಕೂರಬೇಕು. ಎಲ್ಲಾದರೂ ಎಡವಟ್ಟಾಗಿದ್ದರೆ ಫೈಲನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ, ಯಾಕೆ ಎಂದೂ ಹೇಳುವುದಿಲ್ಲ. ಅದರ ಈ ಗುಣ ನನಗೆ ಬಹಳ ಹಿಡಿಸಿತ್ತು.

ಹೋದ ವರ್ಷ ಕಾಫಿ ಹೂ ಬಿಟ್ಟ ವಾರ, ಸೋಮವಾರ ಅಣ್ಣ ಸ್ಟುಡಿಯೋಗೆ ಬಂದ. ಅವನು ಬಾಳೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅವ್ವ ಅವನ ಮನೆಯಲ್ಲೇ ಇದ್ದಳು. ನಾನು ಆ ಮನೆಗೆ ಹೋಗಿ ಮೂರು ವರ್ಷವಾಗಿತ್ತು. ಬೇರೆ ಜಾತಿಯವಳನ್ನು ಮದುವೆಯಾದಾಗ ಅವ್ವ, "ಅವಳನ್ನ ಕರ್ಕೊಂಡು ನನ್ ಕಣ್ಣಿಗೆ ಬೀಳ್ಬೇಡ" ಎಂದಿದ್ದಳು. ನಾನು ಒಬ್ಬನೇ ಆಗಿಯೂ ಬೀಳಲಿಲ್ಲ. ಹಟದಲ್ಲಿ ನಾನು ಅವಳ ಮಗನೇ.

ಅಣ್ಣ ಮೇಜಿನ ಮೇಲೆ ಒಂದು ಮೆಮೊರಿ ಕಾರ್ಡ್ ಇಟ್ಟ.

"ಅವ್ವಂಗೆ ಗಂಟ್ಲಲ್ಲಿ ಗಂಟಾಗಿದೆ ಮಾರಾಯ. ಗುರುವಾರ ಮಂಗ್ಳೂರಲ್ಲಿ ಆಪರೇಷನ್. ಧ್ವನಿಪೆಟ್ಟಿಗೆನೇ ತೆಗೀಬೇಕಂತೆ. ಆಮೇಲೆ ಮಾತು ಬರಲ್ಲ."

ನಾನು ಕಾರ್ಡನ್ನು ಕೈಗೆತ್ತಿಕೊಂಡೆ. ಅವನೇ ಮುಂದುವರಿಸಿದ. "ಹೋಂಸ್ಟೇಯವರ ಕ್ಯಾಮೆರಾ ಈಸ್ಕೊಂಡು ಅವಳ ಮಾತು ತೆಗ್ದಿದೀನಿ. ಐವತ್ತು ನಿಮಿಷ ಇದೆ. ಫೋನಲ್ಲಿಟ್ರೆ ಯಾವತ್ತೋ ಅಳಿಸಿಹೋಗುತ್ತೆ. ನಿನ್ ಡಿಸ್ಕಿಗೆ ಹಾಕ್ಕೊಡು. ಬುಧವಾರ ಬೆಳಿಗ್ಗೆ ಹೊರಡ್ತೀವಿ, ಅಷ್ಟ್ರೊಳಗೆ ಒಂದ್ಸಲ ಬಂದು ಹೋಗು."

"ಅವ್ವ ಕರೆದ್ಲಾ?"

"ವಿಡಿಯೋ ನೋಡು. ಎಲ್ಲ ಅದ್ರಲ್ಲೇ ಇದೆ."

ನನಗೆ ಆಗಲೇ ಅನುಮಾನ ಹೊಕ್ಕಿತು. ಅಣ್ಣನ ಮನೆಯಲ್ಲಿ ಡಿಸ್ಕು ಹಾಕುವ ಪ್ಲೇಯರೇ ಇಲ್ಲ. ಡಿಸ್ಕು ಒಂದು ನೆಪ, ನನ್ನನ್ನು ಕೂರಿಸಿ ಅದನ್ನು ತೋರಿಸಬೇಕಿತ್ತು ಅವನಿಗೆ. ನೋಡದೆಯೇ ಕೆಲಸ ಮುಗಿಸುತ್ತೇನೆ ಎಂದುಕೊಂಡೆ. ಕಾರ್ಡಿನಲ್ಲಿದ್ದುದನ್ನು ಇಳಿಸಿಕೊಂಡೆ. ಸೆಕೆಂಡಿಗೆ ಎಷ್ಟು ಫ್ರೇಮಿಟ್ಟು ತೆಗೆದೆ ಎಂದು ಕೇಳಿದ್ದಕ್ಕೆ, "ಇಪ್ಪತ್ನಾಲ್ಕು ಅಂತ ತೋರಿಸ್ತಿತ್ತಪ್ಪ" ಎಂದ. ಕ್ಯಾಮೆರಾದ ಜೊತೆ ಕಾರ್ಡನ್ನೂ ಹಿಂದಕ್ಕೆ ಕೊಡಬೇಕೆಂದು ತೆಗೆದುಕೊಂಡು ಹೋದ.

ಚಿತ್ರವನ್ನೂ ಧ್ವನಿಯನ್ನೂ ಬೇರೆ ಮಾಡಿದೆ. ಊರವರ ಮದುವೆಗಳಿಂದ ಹಾರ್ಡ್‌ಡಿಸ್ಕು ತುಂಬಿ ತುಳುಕುತ್ತಿದ್ದರಿಂದ ಮೂಲ ಫೈಲನ್ನು ಅಲ್ಲೇ ಅಳಿಸಿದೆ. ಫ್ರೇಮಿನ ಜಾಗದಲ್ಲಿ ಇಪ್ಪತ್ನಾಲ್ಕು ಎಂದು ತುಂಬಿಸಿ, ಡಿಸ್ಕಿಗೆ ಒಗ್ಗುವ ರೂಪಕ್ಕೆ ಎನ್‌ಕೋಡ್ ಮಾಡಿದೆ. ಸಾಫ್ಟ್‌ವೇರು ಒಂದು ತಕರಾರೂ ಎತ್ತದೆ ಎರಡೂ ಫೈಲನ್ನು ಒಳಗೆ ಬಿಟ್ಟುಕೊಂಡಿತು.

ಮಂಗಳವಾರ ಮಧ್ಯಾಹ್ನ ಪರೀಕ್ಷೆಗೆಂದು ಮೊದಲ ಎರಡು ನಿಮಿಷ ಹಾಕಿದೆ. ಅವ್ವ ಜಗಲಿಯಲ್ಲಿ ಕುರ್ಚಿ ಮೇಲೆ ಕೂತಿದ್ದಳು. ಇಳಿದುಹೋಗಿದ್ದಳು. ದನಿ ಗೊರಗೊರ ಎನ್ನುತ್ತಿತ್ತು. ತುಟಿಗೂ ಮಾತಿಗೂ ಸರಿಯಾಗಿ ಹೊಂದಿಕೆಯಿತ್ತು. ಕೇಳುತ್ತಾ ಕೂರಲು ನನ್ನಿಂದಾಗಲಿಲ್ಲ. ನಡುವಿನದನ್ನೆಲ್ಲ ದಾಟಿಸಿ ಕಡೆಯ ಎರಡು ನಿಮಿಷಕ್ಕೆ ಹೋದೆ.

"ಸಣ್ಣೋನ್ ಮೇಲೆ ನಂಗೀಗ ಕೋಪ ಇಲ್ಲ" ಎನ್ನುತ್ತಿತ್ತು ಅವ್ವನ ದನಿ. "ಹೆಂಡ್ತಿನ ಕರ್ಕೊಂಡು ಬರ್ಲಿ. ಮಾತು ನಿಂತೋಗೋಕ್ ಮುಂಚೆ ಅವಳತ್ರ ಒಂದು ಮಾತಾಡ್ಬೇಕು ನಾನು."

ಮರುಕ್ಷಣವೇ ಕಣ್ಣು ಪರದೆಯ ಮೇಲೆ ನೆಟ್ಟಿತು. ಮಾತು ಇನ್ನೂ ನಡೆಯುತ್ತಿತ್ತು, ಅವ್ವನ ಬಾಯಿ ಆಗಲೇ ಮುಚ್ಚಿತ್ತು. ಹಿಂದೆ ಓಡಿಸಿ ಮತ್ತೆ ನೋಡಿದೆ. ತುಟಿ ಆಡಿ ಮೂರು ಸೆಕೆಂಡಾದ ಮೇಲೆ ಮಾತು ಬರುತ್ತಿತ್ತು.

ನನ್ನ ಕೈತಪ್ಪಾಗಿದ್ದರೆ ಮೊದಲಿನಿಂದಲೇ ತಪ್ಪಿರಬೇಕು. ಶುರುವಿನಲ್ಲಿ ಸರಿಯಿದ್ದದ್ದು ಕೊನೆಯಲ್ಲಿ ಮಾತ್ರ, ಅದೂ ಈ ಮಾತಿನ ಹತ್ತಿರವೇ ತಪ್ಪುವುದೆಂದರೆ? ಅಣ್ಣ ಕೈಯಾಡಿಸಿದ್ದಾನೆ. ಅವಳ ಬೇರೆ ಬೇರೆ ಮಾತನ್ನು ಕತ್ತರಿಸಿ ತಂದು ಇಲ್ಲಿ ಅಂಟಿಸಿದ್ದಾನೆ. ಆ ಗೊರಗೊರ ದನಿಯಲ್ಲಿ ಅಂಟು ಯಾರಿಗೆ ಗೊತ್ತಾಗಬೇಕು. ಚಿತ್ರದ ಫೈಲಿಗಿಂತ ಧ್ವನಿಯ ಫೈಲು ಮೂರು ಸೆಕೆಂಡು ಉದ್ದವಿತ್ತು. ಸೇರಿಸಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎನಿಸಿತು. ಧ್ವನಿ ನಿಲ್ಲಿಸಿ, ತುಟಿಯನ್ನಷ್ಟೇ ಮತ್ತೆ ಮತ್ತೆ ಓಡಿಸಿ, ಅವ್ವ ನಿಜಕ್ಕೂ ಏನೆಂದಿರಬಹುದು ಎಂದು ನೋಡಿದೆ. ಮೊದಲೇ ತೀರ್ಮಾನ ಮಾಡಿಕೊಂಡಿದ್ದ ನನಗೆ ಅಲ್ಲಿ ಬೈಗುಳವೇ ಕಾಣಿಸಿತು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ಹೋಗ್ಬರೋಣ ರೀ" ಎಂದಳು. "ಸುಳ್ಳಾಗಿದ್ರೆ ಬೈಸ್ಕೊಂಡು ಬಂದ್ರಾಯ್ತು. ಅದಕ್ಕೇನಂತೆ."

"ಅವ್ವನ ಬಾಯಿ ನಿಂಗೊತ್ತಿಲ್ಲ."

"ಅವರ ಬಾಯಿ ಇನ್ನೆರಡು ದಿನ ಅಷ್ಟೇ ಇರೋದು" ಎಂದು ಒಳಗೆ ಹೋದಳು.

ಸಂಜೆ ಅಣ್ಣ ಫೋನು ಮಾಡಿದ. ನೋಡಿದೆಯಾ ಎಂದು ಕೇಳಿದ.

"ನೋಡ್ದೆ. ಚೆನ್ನಾಗಿ ಜೋಡ್ಸಿದೀಯ."

"ಏನ್ ಜೋಡ್ಸೋದು?"

"ಈ ಕೆಲ್ಸ ನಂಗೆ ಹೇಳ್ಕೊಡ್ಬೇಡ. ನನ್ ಹೊಟ್ಟೆಪಾಡೇ ಇದು."

"ಅವ್ವ ಬೆಳಿಗ್ಗೆಯಿಂದ ಜಗಲೀಲೇ ಕೂತಿದಾಳೆ" ಎಂದ. "ನಾಳೆ ಆರಕ್ಕೆ ಜೀಪು. ಇನ್ನು ನಿನ್ ಕರ್ಮ ಮಾರಾಯ."

ಜಗಲಿಯ ಮಾತೂ ಅವನ ಕಟ್ಟುಕಥೆಯೇ ಎಂದುಕೊಂಡೆ. ಬುಧವಾರ ಅವರ ಜೀಪು ಚಾರ್ಮಾಡಿ ಘಾಟಿ ಇಳಿಯುವ ಹೊತ್ತಿಗೆ ನಾನು ಸ್ಟುಡಿಯೋದ ಷಟರ್ ಎತ್ತುತ್ತಿದ್ದೆ. ಗುರುವಾರ ಆಪರೇಷನ್ ಆಯಿತು. ಚೆನ್ನಾಗಾಯಿತು ಎಂದು ಅಣ್ಣ ನನಗಲ್ಲ, ನನ್ನ ಹೆಂಡತಿಗೆ ಹೇಳಿದ.

ಶುಕ್ರವಾರ ಬೆಳಿಗ್ಗೆ ಅಣ್ಣನ ಮುಖಕ್ಕೆ ಹಿಡಿಯಲು ಪುರಾವೆ ಮಾಡಿಕೊಳ್ಳೋಣವೆಂದು ಕೂತೆ. ಎಲ್ಲಿ ಕತ್ತರಿ ಬಿದ್ದಿದೆ ಎಂದು ಗುರುತು ಹಾಕಬೇಕೆಂದರೆ ಐವತ್ತು ನಿಮಿಷವನ್ನೂ ನೋಡಲೇಬೇಕಿತ್ತು. ಅವ್ವ ಕಾಫಿ ಕೊಯ್ಯಲು ಹೋಗುತ್ತಿದ್ದ ದಿನಗಳನ್ನು ಹೇಳುತ್ತಿದ್ದಳು. ಜಿಗಣೆಗೆ ಸುಣ್ಣ ಹಚ್ಚಿದ್ದು, ಮೇಸ್ತ್ರಿ ಹತ್ತಿರ ಜಗಳಾಡಿದ್ದು. "ಸಣ್ಣೋನು ಹುಟ್ಟಿದಾಗಿಂದ ಅನುಮಾನದೋನು. ಹಾಲು ಕೊಟ್ರೂ ಲೋಟದ ತಳ ನೋಡೋನು" ಎಂದು ನಕ್ಕು, ಕೆಮ್ಮಿ, ನೀರು ಕುಡಿದು ಲೋಟವನ್ನು ನೆಲಕ್ಕಿಟ್ಟಳು. ಲೋಟ ನೆಲ ಮುಟ್ಟಿದ ಮೇಲೆ, ಒಂದು ಚೂರು ತಡವಾಗಿ, ಟಣ್ ಎಂದಿತು.

ನಾನು ನೆಟ್ಟಗೆ ಕೂತೆ. ಅದು ಹತ್ತನೆಯ ನಿಮಿಷ. ಮೂವತ್ತನೆಯ ನಿಮಿಷದಲ್ಲಿ ಮತ್ತೆ ಕುಡಿದು ಇಟ್ಟಳು, ಸದ್ದು ಹತ್ತಿರಹತ್ತಿರ ಎರಡು ಸೆಕೆಂಡು ಹಿಂದಿತ್ತು. ಮಾತು ತಿರುಚುವವನು ಲೋಟದ ಸದ್ದನ್ನು ಯಾಕೆ ತಿರುಚುತ್ತಾನೆ? ಯಾರೂ ಎಲ್ಲೂ ಕತ್ತರಿಸಿರಲಿಲ್ಲ. ಚಿತ್ರವೇ ಮೊದಲ ಸೆಕೆಂಡಿನಿಂದ ಕೂದಲೆಳೆಯಷ್ಟು ಬೇಗ ಓಡುತ್ತಾ, ಓಡುತ್ತಾ, ಕೊನೆಗೆ ಮೂರು ಸೆಕೆಂಡು ಮುಂದೆ ಹೋಗಿತ್ತು.

ಕೆಲವು ಕ್ಯಾಮೆರಾ ಇಪ್ಪತ್ನಾಲ್ಕು ಎಂದು ತೋರಿಸಿ, ಒಳಗೆ ಇಪ್ಪತ್ಮೂರು ಪಾಯಿಂಟ್ ಒಂಬತ್ತು ಏಳು ಆರರಲ್ಲಿ ತೆಗೆಯುತ್ತವೆ. ಕೆಲಸ ಕಲಿತ ಮೊದಲ ತಿಂಗಳಲ್ಲೇ ತಿಳಿದ ಸಂಗತಿ ಇದು. ಸಾಫ್ಟ್‌ವೇರಿನ ಪಟ್ಟಿಯಲ್ಲಿ ಎರಡೂ ಅಂಕಿ ಇರುವುದರಿಂದ ಅದು ತಕರಾರು ಮಾಡಿರಲಿಲ್ಲ. ಅಣ್ಣ ಕಂಡದ್ದನ್ನು ಹೇಳಿದ್ದ. ವಿಚಾರಿಸಬೇಕಾದವನು ನಾನು. ಊರನ್ನೆಲ್ಲ ಅನುಮಾನಿಸುವ ನಾನು ನನ್ನ ಕೈಯಾರೆ ತುಂಬಿದ ಅಂಕಿಯನ್ನು ಒಮ್ಮೆಯೂ ಅನುಮಾನಿಸಲಿಲ್ಲ.

ಬೇರೆ ಮಾಡಿಟ್ಟಿದ್ದ ಚಿತ್ರಕ್ಕೆ ಅಂಕಿ ಬದಲಿಸಿ ಮತ್ತೆ ಎನ್‌ಕೋಡ್ ಮಾಡಿದೆ. ಕೊನೆಯ ಎರಡು ನಿಮಿಷ ಹಾಕಿದೆ. ಅವ್ವ ಕ್ಯಾಮೆರಾವನ್ನೇ ನೋಡುತ್ತಾ, ತುಟಿಗೆ ಸರಿಯಾಗಿ, ಹೆಂಡ್ತಿನ ಕರ್ಕೊಂಡು ಬರ್ಲಿ ಎಂದಳು. ಅವಳು ನಿಜಕ್ಕೂ ಜಗಲಿಯಲ್ಲಿ ಕೂತು ಕಾದಿದ್ದಳು. ಆಡಬೇಕೆಂದಿದ್ದ ಒಂದು ಮಾತನ್ನು ಆಡಲಾಗದೆ ಘಾಟಿ ಇಳಿದಿದ್ದಳು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಷಟರ್ ಎಳೆದುಕೊಂಡು ಒಳಗೆ ಕೂತು ಅತ್ತೆ.

ಶನಿವಾರ ಇಬ್ಬರೂ ಮಂಗಳೂರಿಗೆ ಹೋದೆವು. ಆಸ್ಪತ್ರೆ ತಲುಪಿದ ಮೇಲೂ ನನ್ನ ಬುದ್ಧಿ ಬಿಡಲಿಲ್ಲ. ಈಗ ಅವ್ವನ ಮನಸ್ಸು ತಿರುಗಿದ್ದರೆ ಎಂದು ಹೆಂಡತಿಯನ್ನು ಕೆಳಗಿನ ಬೆಂಚಿನಲ್ಲಿ ಕೂರಿಸಿ ಒಬ್ಬನೇ ವಾರ್ಡಿಗೆ ಹೋದೆ. ಅಣ್ಣ ನನ್ನನ್ನು ನೋಡಿ ಮುಖ ತಿರುಗಿಸಿದ. ಅವ್ವನ ಕತ್ತಿಗೆ ನಳಿಗೆ ಹಾಕಿದ್ದರು. ನನ್ನನ್ನು ಕಂಡಿದ್ದೇ ಅವಳ ತುಟಿ ಅಲ್ಲಾಡಿತು.

"ನೋವಾ ಅವ್ವ? ನರ್ಸ್ ಕರೀಲಾ?" ಎಂದ ಅಣ್ಣ. ಅವಳು ಬೇಸರದಿಂದ ಕೈ ಅಲ್ಲಾಡಿಸಿ ಮತ್ತೆ ತುಟಿಯಾಡಿಸಿದಳು. ಅಣ್ಣನಿಗೆ ತಿಳಿಯಲಿಲ್ಲ. ಆ ತುಟಿಯನ್ನು ಧ್ವನಿಯಿಲ್ಲದೆ ಮತ್ತೆ ಮತ್ತೆ ನೋಡಿದ್ದ ನನಗೆ ತಿಳಿಯಿತು. ಅವಳೆಲ್ಲಿ ಎಂದು ಕೇಳುತ್ತಿದ್ದಳು.

ಕೆಳಗೆ ಓಡಿದೆ. "ಬಾ, ಅವ್ವ ಕರೀತಿದಾಳೆ" ಎಂದೆ.

ಹೆಂಡತಿ ಎದ್ದೇಳಲಿಲ್ಲ. "ಮಾತೇ ಹೋಗಿದೆಯಲ್ರೀ. ಹೆಂಗೆ ಕರೀತಾರೆ?"

"ತುಟಿ ಆಡ್ಸಿದ್ಲು. ಅವಳೆಲ್ಲಿ ಅಂದ್ಲು."

"ನೀವೇ ಸೇರಿಸಿ ಹೇಳ್ತಿಲ್ಲ ತಾನೆ?"

ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಇಲ್ಲ ಎಂದಷ್ಟೇ ಹೇಳಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಇನ್ನೇನೂ ಕೇಳದೆ ಬ್ಯಾಗು ಹೆಗಲಿಗೇರಿಸಿಕೊಂಡು, ಯಾವ ವಾರ್ಡು ಎಂದಳು.