ಅಂಕೋಲೆ ಬೀಜದ ಕಾಕಾ

ಉಮರ್ಗಾದ ಬಸ್ಸು ತಡವಾಗಲಿ, ಎಮ್ಮೆ ಹಗ್ಗ ಹರಿದುಕೊಂಡು ಓಡಲಿ, ನಮ್ಮ ಪಕ್ಕದ ಹೊಲದ ಕಾಕಾ ಹೇಳುತ್ತಿದ್ದುದು ಒಂದೇ ಮಾತು: "ಬರತದ ಬಿಡ್ರಿ." ಹಾಗೆನ್ನುವಾಗ ಹಣೆಯ ವಿಭೂತಿಯನ್ನೊಮ್ಮೆ ಮುಟ್ಟಿಕೊಳ್ಳುತ್ತಿದ್ದರು.

ಅವರ ಹೊಲದ ನಡುವೆ ಒಂದು ಅಂಕೋಲೆ ಮರವಿತ್ತು. ಉದುರಿದ ಅಂಕೋಲೆ ಬೀಜಗಳು ತಾವಾಗಿಯೇ ಮರಳಿ ಬಂದು ಬೊಡ್ಡೆಗೆ ಅಂಟಿಕೊಳ್ಳುತ್ತವೆ ಎಂದು ಹಳಬರು ಹೇಳುತ್ತಾರೆ. ಕಾಕಾ ಅದನ್ನು ಗಟ್ಟಿಯಾಗಿ ನಂಬಿದ್ದರು.

ಆ ಮರ ಟ್ರ್ಯಾಕ್ಟರಿಗೆ ಅಡ್ಡವಾಗುತ್ತದೆಂದು ಅವರ ತಮ್ಮ ಒಂದು ಸಂಜೆ ಕೊಡಲಿ ಹಿಡಿದು ಬಂದ.

"ನಾಳಿ ಮುಂಜಾನಿ ತನಕ ತಡಿಯೋ. ಬೀಜ ತಿರುಗಿ ಬರಲಿಲ್ಲಂದ್ರ ಕಡದ್ಬಿಡು," ಎಂದರು ಕಾಕಾ.

ಉದುರಿದ್ದ ಐದು ಬೀಜಗಳನ್ನು ಆರಿಸಿ, ಗುರುತಿಗೆ ಸುಣ್ಣ ಹಚ್ಚಿ, ತಮ್ಮ ದೂರದ ಬದುವಿನ ಮೇಲೆ ಇಟ್ಟ.

ಬೆಳಿಗ್ಗೆ ನಾವೆಲ್ಲ ಹೋಗಿ ನೋಡಿದರೆ ಸುಣ್ಣದ ಐದೂ ಬೀಜಗಳು ಬೊಡ್ಡೆಗೆ ಅಂಟಿದ್ದವು. ಒಂದೊಂದಕ್ಕೂ ಇರುವೆ ಮುತ್ತಿತ್ತು. ತಮ್ಮ ಒಂದನ್ನು ಕಿತ್ತು, ಬೆರಳು ನೆಕ್ಕಿದ.

"ಅಣ್ಣಾ, ಇದು ನಮ್ಮ ಮನಿ ಬೆಲ್ಲ ಅದ!"

ಕಾಕಾ ವಿಭೂತಿ ಮುಟ್ಟಿಕೊಂಡರು. "ಬಂದಾವಿಲ್ಲೋ, ಅಷ್ಟ ಹೇಳು."

ತಮ್ಮ ನಕ್ಕು ನಕ್ಕು ಕೊಡಲಿಯನ್ನು ಕೆಳಗಿಟ್ಟ. ಕಾಕಾ ಈಗಿಲ್ಲ. ಆ ಹೊಲದ ಸಾಲುಗಳು ಮಾತ್ರ ಇಂದಿಗೂ ನೆಟ್ಟಗೆ ಬಂದು, ಅಂಕೋಲೆಯ ಹತ್ತಿರ ಬಾಗಿ, ಅದನ್ನು ಬಳಸಿಕೊಂಡು ಹೋಗುತ್ತವೆ.